ಚಳಿಯಲ್ಲಿ ಡೀಸೆಲ್ ಗಾಡಿ ಸ್ಟಾರ್ಟ್ ಮಾಡೋದು: ಜನವರಿಯ ಸ್ಪಿತಿಗೆ ಬೆಂಗಳೂರಿನ ಕಾರು

ಕೆಎ51_ದೂರದಾರಿ

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಹಿಮಾಚಲದ ಸ್ಪಿತಿಗೆ ಹೊರಡೋ ಯೋಚನೆ ಇದೆ. ದಾರಿ ಶಿಮ್ಲಾ, ರಾಮಪುರ, ರಿಕಾಂಗ್ ಪಿಯೊ, ನಾಕೊ, ತಾಬೊ, ಕಾಜಾ. ಗಾಡಿ 2016ರ 1.3 ಲೀಟರ್ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಹೈ ಪ್ರೆಶರ್ ಇಂಜೆಕ್ಷನ್) ಡೀಸೆಲ್, ಬಿಎಸ್4, ಓಡಿರೋದು 92,000 ಕಿ.ಮೀ. ಬ್ಯಾಟರಿಗೆ ಮೂರು ವರ್ಷ. ಬೆಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆಯೂ ಒಂದೇ ಸೆಲ್ಫ್‌ಗೆ ಎದ್ದೇಳುತ್ತೆ. ಕಾಜಾದಲ್ಲಿ ರಾತ್ರಿ ಮೈನಸ್ 20ರ ಆಸುಪಾಸಿಗೆ ಇಳಿಯುತ್ತಂತೆ. "ಹೀಟರ್ ಲೈಟ್ ಆರೋವರೆಗೆ ಕಾದು ಸೆಲ್ಫ್ ಹೊಡಿ, ಅಷ್ಟೇ" ಅಂತಾರೆ ಗೆಳೆಯರು. ನಿಜವಾಗ್ಲೂ ಅಷ್ಟೇನಾ?

ಸ್ಪ್ಯಾನರ್_12_13

ಅಷ್ಟೇ ಅಲ್ಲ. ಹೀಟರ್ ಪ್ಲಗ್ ಅಂದರೆ ಸ್ಟಾರ್ಟ್ ಮಾಡೋ ಮುಂಚೆ ಎಂಜಿನ್ ಒಳಗನ್ನ ಕರೆಂಟಿನಿಂದ ಬಿಸಿ ಮಾಡೋ ಕಡ್ಡಿ, ಅದು ಬಗೆಹರಿಸೋದು ಒಂದೇ ಒಂದು ತೊಂದರೆಯನ್ನ. ಚಳಿಯಲ್ಲಿ ಡೀಸೆಲ್ ಗಾಡಿ ಮೂರು ಥರ ಕೈಕೊಡುತ್ತೆ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಯಾವುದು ಅಂತ ತಿಳಿಯೋಕೆ ಸ್ಕ್ಯಾನರ್ ಬೇಡ, ಕಿವಿ ಸಾಕು.

ಮೊದಲನೇದು, ಸೆಲ್ಫೇ ಸರಿಯಾಗಿ ತಿರುಗಲ್ಲ. ಬೆಚ್ಚಗಿದ್ದಾಗ "ಗರಗರಗರ" ಅಂತ ಒಂದೇ ಉಸಿರಲ್ಲಿ ತಿರುಗೋದು, ಈಗ "ಗೊರ್ರ್... ಗೊರ್ರ್... ಗೊರ್" ಅಂತ ಪ್ರತಿ ಕಂಪ್ರೆಷನ್‌ನಲ್ಲೂ ತಡವರಿಸುತ್ತೆ. ಇದು ಬ್ಯಾಟರಿ, ಕೇಬಲ್ ಅಥವಾ ಗಟ್ಟಿಯಾದ ಎಂಜಿನ್ ಆಯಿಲ್. ಹೀಟರ್ ಪ್ಲಗ್ ಹೊಸದು ಹಾಕಿದರೂ ಪ್ರಯೋಜನ ಇಲ್ಲ.

ಎರಡನೇದು, ಸೆಲ್ಫ್ ಜೋರಾಗಿಯೇ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ, ಕಣ್ಣು ಉರಿಯುತ್ತೆ. ಆ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್. ಅಂದರೆ ಡೀಸೆಲ್ ಒಳಗೆ ಬರ್ತಿದೆ, ಶಾಖ ಸಾಲ್ತಿಲ್ಲ. ಹೀಟರ್ ಪ್ಲಗ್, ಅದರ ರಿಲೇ, ಫ್ಯೂಸ್, ಕಂಪ್ರೆಷನ್ ನೋಡಬೇಕಾದ್ದು ಇಲ್ಲಿ.

ಮೂರನೇದು, ಜೋರಾಗಿ ತಿರುಗುತ್ತೆ ಆದರೆ ಹೊಗೆಯೇ ಇಲ್ಲ. ಅಥವಾ ಸ್ಟಾರ್ಟ್ ಆಗಿ ಅರ್ಧ ನಿಮಿಷ, ಒಂದು ನಿಮಿಷ ಓಡಿ ಉಸಿರುಗಟ್ಟಿದ ಹಾಗೆ ನಿಲ್ಲುತ್ತೆ. ಡೀಸೆಲ್‌ನ ಮೇಣ ಫಿಲ್ಟರಲ್ಲಿ ಕಟ್ಟಿಕೊಂಡಿರೋದರ ಲಕ್ಷಣ ಅದು. ಹೊಗೆ ಇಲ್ಲ ಅನ್ನೋದೇ ಇಲ್ಲಿ ದೊಡ್ಡ ಸುಳಿವು.

ಇದೆಲ್ಲ ಯಾಕೆ ಅಂದರೆ ಡೀಸೆಲ್‌ಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನ ಹದಿನಾರು, ಹದಿನೇಳು ಪಾಲು ಒತ್ತಿದಾಗ ಹುಟ್ಟೋ ಬಿಸಿಗೇ ಅದು ಹೊತ್ತಿಕೊಳ್ಳಬೇಕು. ಒಳಗೆ ಬರೋ ಗಾಳಿ ತಣ್ಣಗಿದೆ, ಸಿಲಿಂಡರ್ ಗೋಡೆ ತಣ್ಣಗಿದ್ದು ಬಿಸಿಯನ್ನ ಹೀರುತ್ತೆ. ಸೆಲ್ಫ್ ನಿಧಾನ ಆದಷ್ಟೂ ಒತ್ತಿದ ಗಾಳಿ ರಿಂಗ್ ಸಂದಿಯಿಂದ ಸೋರೋಕೆ, ತಣ್ಣಗಾಗೋಕೆ ಹೆಚ್ಚು ಸಮಯ ಸಿಗುತ್ತೆ. ಅದರ ಮೇಲೆ ನಿಮ್ಮ ಕೇಸಲ್ಲಿ ಎತ್ತರ ಬೇರೆ. ಕಾಜಾ ಇರೋದು 3,700 ಮೀಟರ್ ಮೇಲೆ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಹಾಗಾಗಿ ದೆಹಲಿಯ 5 ಡಿಗ್ರಿಯೂ ಅಲ್ಲಿನ 5 ಡಿಗ್ರಿಯೂ ಎಂಜಿನ್‌ಗೆ ಒಂದೇ ಅಲ್ಲ.

ಮಲ್ನಾಡ್_ಐಡಿಐ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಹಿಮಾಲಯ ಬೇಡ, ಮೂಡಿಗೆರೆಯ 12 ಡಿಗ್ರಿಗೇ ನಮ್ಮ ಗಾಡಿಯದ್ದು ಎರಡನೇ ಲಕ್ಷಣ. ಹಳೇ 1.4 ಐಡಿಐ (ಇನ್‌ಡೈರೆಕ್ಟ್ ಇಂಜೆಕ್ಷನ್) ಡೀಸೆಲ್, ಮೆಕ್ಯಾನಿಕಲ್ ಪಂಪ್. ಮೂರನೇ ಸೆಲ್ಫ್‌ಗೆ ಹಿಡಿಯುತ್ತೆ, ಅರ್ಧ ನಿಮಿಷ ಕುಂಟುತ್ತೆ, ಅಂಗಳ ಪೂರ್ತಿ ಬಿಳಿ ಹೊಗೆ. ಮಧ್ಯಾಹ್ನ ಏನೂ ತಕರಾರಿಲ್ಲ. ಗ್ಯಾರೇಜಿನವರು ಪಂಪ್ ಇಳಿಸಬೇಕು ಅಂತಿದ್ದಾರೆ.

ಸ್ಪ್ಯಾನರ್_12_13

ಪಂಪಿಗೆ ಕೈ ಹಾಕಿಸಬೇಡಿ ಗುರುಗಳೇ. ಬೆಳಗ್ಗೆ ಮಾತ್ರ ಹಠ, ಮಧ್ಯಾಹ್ನ ಸಲೀಸು ಅಂದರೆ ಮೊದಲು ಹೀಟರ್ ಪ್ಲಗ್. ಐಡಿಐ ಎಂಜಿನ್‌ನಲ್ಲಿ ಡೀಸೆಲ್ ಹೊತ್ತಿಕೊಳ್ಳೋದು ಹೆಡ್ ಒಳಗಿನ ಪುಟ್ಟ ಕೋಣೆಯಲ್ಲಿ. ಅದರ ಗೋಡೆ ಬಿಸಿಯನ್ನೆಲ್ಲ ನುಂಗುತ್ತೆ, ಹಾಗಾಗಿ ಅದಕ್ಕೆ 12 ಡಿಗ್ರಿಯೂ ಚಳಿಯೇ. ನೇರ ಇಂಜೆಕ್ಷನ್‌ನ ಕಾಮನ್ ರೈಲ್ ಗಾಡಿ ಅದೇ 12 ಡಿಗ್ರಿಯಲ್ಲಿ ಪ್ಲಗ್ ನಾಲ್ಕೂ ಸತ್ತಿದ್ದರೂ ಸ್ಟಾರ್ಟ್ ಆಗಬಹುದು. ಅದಕ್ಕೇ ಬೆಂಗಳೂರಿನ ಕಾರುಗಳಲ್ಲಿ ಸತ್ತ ಪ್ಲಗ್ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲ್ಲ. ದೂರದಾರಿಯವರೇ, ಇದು ನಿಮಗೂ ಅನ್ವಯ. ಇಲ್ಲಿ ಒಂದೇ ಸೆಲ್ಫ್‌ಗೆ ಎದ್ದೇಳುತ್ತೆ ಅನ್ನೋದು ಏನನ್ನೂ ಸಾಬೀತು ಮಾಡಲ್ಲ.

ಪರೀಕ್ಷೆ ಹೀಗೆ. ಎಂಜಿನ್ ತಣ್ಣಗಿರಲಿ, ಕೀ ಆಫ್. ನಾಲ್ಕೂ ಪ್ಲಗ್‌ಗಳನ್ನ ಸೇರಿಸೋ ಪಟ್ಟಿಯನ್ನ ಬಿಚ್ಚಿ, ಕೆಲವು ಗಾಡಿಯಲ್ಲಿ ಪಟ್ಟಿಯ ಬದಲು ಬಿಡಿ ಕನೆಕ್ಟರ್ ಇರುತ್ತೆ. ಪಟ್ಟಿ ಬಿಚ್ಚದೆ ಅಳೆದರೆ ನಾಲ್ಕೂ ಸೇರಿ ತೋರಿಸುತ್ತೆ, ಸತ್ತದ್ದು ಸಿಗಲ್ಲ. ಮಲ್ಟಿಮೀಟರನ್ನ 200 ಓಮ್‌ಗೆ ಇಟ್ಟು ಮೊದಲು ಎರಡು ವೈರ್ ತುದಿ ಒಂದಕ್ಕೊಂದು ಮುಟ್ಟಿಸಿ. 0.2, 0.3 ಅಂತ ಏನು ಬರುತ್ತೋ ಅದು ವೈರಿನದೇ ರೆಸಿಸ್ಟೆನ್ಸ್, ಆಮೇಲೆ ಕಳೀಬೇಕು. ಈಗ ಒಂದು ತುದಿ ಪ್ಲಗ್ ನೆತ್ತಿಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ. ಚೆನ್ನಾಗಿರೋ ಪ್ಲಗ್ ಸುಮಾರು ಅರ್ಧದಿಂದ ಒಂದೂವರೆ ಓಮ್ ತೋರಿಸುತ್ತೆ. ಮೀಟರ್ ಏನೂ ತೋರಿಸದೆ ಓಪನ್ ಅಂದರೆ ಸತ್ತಿದೆ. ಮೀಟರ್ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ಸಾಕು: ಕ್ಲಿಪ್ ಬ್ಯಾಟರಿ ಪ್ಲಸ್‌ಗೆ, ಮೊನೆ ಪ್ಲಗ್ ನೆತ್ತಿಗೆ. ದೀಪ ಹತ್ತಿದರೆ ಒಳಗಿನ ಕಾಯಿಲ್ ತುಂಡಾಗಿಲ್ಲ.

ನಾಲ್ಕೂ ಒಟ್ಟಿಗೆ ಸಾಯೋದು ಅಪರೂಪ. ನಾಲ್ಕಕ್ಕೂ ಕರೆಂಟ್ ಬರ್ತಿಲ್ಲ ಅಂದರೆ ರಿಲೇ ಅಥವಾ ಅದರ ದೊಡ್ಡ ಫ್ಯೂಸ್ ನೋಡಿ. ಡ್ಯಾಶ್‌ಬೋರ್ಡಲ್ಲಿ ಹೀಟರ್ ಲೈಟ್, ಅಂದರೆ ಸ್ಪ್ರಿಂಗ್ ಗುರುತಿನ ದೀಪ, ಹತ್ತಿ ಆರಿತು ಅನ್ನೋದನ್ನ ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ಅದು ಬರೀ ಟೈಮರ್, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ಗೊತ್ತಿರಲ್ಲ.

ಮಲ್ನಾಡ್_ಐಡಿಐ

ಅಳೆದೆ. 0.9, ಓಪನ್, 0.8, ಓಪನ್.

ಸ್ಪ್ಯಾನರ್_12_13

ಸಿಕ್ತಲ್ಲ. ಎರಡು ಸತ್ತಿದ್ದರೂ ನಾಲ್ಕನ್ನೂ ಬದಲಿಸಿ, ಉಳಿದ ಎರಡರ ವಯಸ್ಸೂ ಅಷ್ಟೇ.

ಆದರೆ ಬಿಚ್ಚೋವಾಗ ಅವಸರ ಬೇಡ. ಈ ಕೆಲಸದಲ್ಲಿ ಜನ ಕೈ ಸುಟ್ಟುಕೊಳ್ಳೋದೇ ಇಲ್ಲಿ. ಪ್ಲಗ್ ಅಂದರೆ ಪೆನ್ಸಿಲ್ ದಪ್ಪದ ಸರಳು, ಅದರ ಸುತ್ತ ಕಾರ್ಬನ್ ಕಲ್ಲಿನಂತೆ ಕೂತಿರುತ್ತೆ. ತಣ್ಣಗಿನ ಎಂಜಿನ್‌ನಲ್ಲಿ ಜಗ್ಗಿದರೆ ಮೊನೆ ಒಳಗೇ ಮುರಿಯುತ್ತೆ, ಆಮೇಲೆ ಹೆಡ್ ಇಳಿಸೋ ಖರ್ಚು. ಹಿಂದಿನ ಸಂಜೆ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಮಾರನೇ ದಿನ ಗಾಡಿ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಉದ್ದ ಸಾಕೆಟ್ ಹಾಕಿ ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ಬಿಗಿ, ಮತ್ತೆ ಬಿಚ್ಚಿ. ಕೈಗೆ ಸ್ಪ್ರಿಂಗ್ ಥರ ಬಿಗಿತ ಸಿಕ್ಕಿತು ಅಂದರೆ ಸರಳು ತಿರುಚಿಕೊಳ್ತಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಹೊಸದನ್ನ ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ವ್ರೆಂಚ್. ಸಣ್ಣ ಥ್ರೆಡ್‌ನ ಪ್ಲಗ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ನಿಮ್ಮ ಗಾಡಿಯ ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿದೆ.

ಬಿಚ್ಚಿದ ಪ್ಲಗ್ ಬಿಸಾಡೋ ಮುಂಚೆ ಮೊನೆ ನೋಡಿ. ಸುಮ್ಮನೆ ಕಪ್ಪಗಿದ್ದರೆ ವಯಸ್ಸಾಗಿ ಹೋದದ್ದು. ಉಬ್ಬಿದೆ, ಕರಗಿದೆ ಅಂದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರ್ತಿದೆ, ಹೊಸ ಪ್ಲಗ್‌ಗೂ ಅದೇ ಗತಿ.

ಒಂದು ಎಚ್ಚರಿಕೆ. ಹಳೇ ಪ್ಲಗ್ 11, 12 ವೋಲ್ಟಿನವು, ಅವನ್ನ ಹೊರಗೆ ಬ್ಯಾಟರಿಗೆ ತಾಗಿಸಿ ಮೊನೆ ಕೆಂಪಾಗುತ್ತಾ ಅಂತ ನೋಡಬಹುದು. ಹೊಸ ಗಾಡಿಗಳಲ್ಲಿ 4, 5, 7 ವೋಲ್ಟಿನ ಪ್ಲಗ್ ಇರುತ್ತೆ, ಕಂಟ್ರೋಲ್ ಯೂನಿಟ್ ಅಳೆದು ತೂಗಿ ಕರೆಂಟ್ ಕೊಡುತ್ತೆ. ಅದಕ್ಕೆ ನೇರ 12 ವೋಲ್ಟ್ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತೆ. ವೋಲ್ಟ್ ಎಷ್ಟು ಅಂತ ಪ್ಲಗ್ ಮೈಮೇಲೇ ಕೆತ್ತಿರುತ್ತೆ.

ಹುಬ್ಬಳ್ಳಿ_ಹೆವಿ

ಮೊದಲನೇ ಕೇಸಿನ ಬಗ್ಗೆ ನಾ ಹೇಳ್ತೀನಿ. ಸೆಲ್ಫ್ ನಿಧಾನ ತಿರಗಾಕತ್ತಿತು ಅಂದ್ರ ಎಲ್ಲಾರೂ ಓಡಿ ಹೋಗಿ ಬ್ಯಾಟರಿ ತರ್ತಾರ. ಭಾಳ ಸಲ ತಪ್ಪು ಅರ್ಥ್ ಕೇಬಲ್‌ದ ಇರತೈತ್ರಿ. ಬ್ಯಾಟರಿ ಮೈನಸ್ಸಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗೋ ಪಟ್ಟಿ, ಅದರ ಬೋಲ್ಟ್ ಬುಡಕ ಹಸರ ತುಕ್ಕು ಹಿಡದಿರತೈತಿ.

ಮೀಟರ್ 20 ವೋಲ್ಟಿಗೆ ಇಡ್ರಿ. ಮೀಟರಿನ ಒಂದ್ ಮೊನಿ ಬ್ಯಾಟರಿ ಮೈನಸ್ ಕಂಬಕ್ಕ, ಕ್ಲಿಪ್ಪಿಗೆ ಅಲ್ಲ, ಕಂಬಕ್ಕ. ಇನ್ನೊಂದು ಎಂಜಿನ್ ಬ್ಲಾಕಿಗೆ. ಒಬ್ಬರು ಸೆಲ್ಫ್ ಹೊಡೀರಿ, ಒಬ್ಬರು ಮೀಟರ್ ನೋಡ್ರಿ. 0.2, 0.3 ವೋಲ್ಟ್ ತನಕ ನಡೀತೈತಿ. 0.8 ತೋರಿಸ್ತು ಅಂದ್ರ ಅಷ್ಟು ವೋಲ್ಟ್ ಅರ್ಥ್‌ನ್ಯಾಗ ಹೊಂಟೈತಿ. ಬಿಚ್ಚಿ ಮರಳಕಾಗದ ಹಚ್ಚಿ ತಿಕ್ಕಿ ಬಿಗೀರಿ, ಖರ್ಚ ಇಲ್ಲ.

ಆಮ್ಯಾಲ ಬ್ಯಾಟರಿ. ರಾತ್ರಿ ಪೂರ್ತಿ ನಿಂತ ಗಾಡಿಯೊಳಗ 12.6 ಇದ್ರ ಫುಲ್. 12.4 ಅಂದ್ರ ಮುಕ್ಕಾಲು. 12.2 ಅಂದ್ರ ಅರ್ಧಾ. ಸೆಲ್ಫ್ ಹೊಡಿಯೂ ಮುಂದ 9.6ರ ಕೆಳಗ ಇಳೀತು ಅಂದ್ರ ಆ ಬ್ಯಾಟರಿ ನಂಬಿ ಕಾಜಾಕ್ಕ ಹೋಗಬ್ಯಾಡ್ರಿ. ಅದೂ ಊರಿನ ಬಿಸಲಾಗ ಅಳದದ್ದು. ಮೈನಸ್ 18ಕ್ಕ ಒಳ್ಳೆ ಬ್ಯಾಟರಿನೂ ಅರ್ಧಾ ಕಸುವು ಕಳಕೋತೈತಿ, ಅದ ಹೊತ್ತಿಗೆ ಎಂಜಿನ್ ತಿರಗಸಾಕ ದುಪ್ಪಟ್ಟು ಕಸುವು ಬೇಕಾಕ್ಕೈತಿ.

ಇನ್ನೊಂದ್ ಮಾತು. ಫುಲ್ ಚಾರ್ಜ್ ಇರೋ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪಗಟ್ಟಂಗಿಲ್ಲ. ಪೂರ್ತಿ ಖಾಲಿ ಆದದ್ದು ಮೈನಸ್ 10ರ ಹತ್ರನ ಬರ್ಫ ಆಕ್ಕೈತಿ. ಹೊಟ್ಟಿ ಉಬ್ಬಿದ ಬ್ಯಾಟರಿಗೆ ಜಂಪರ್ ಹಚ್ಚಬ್ಯಾಡ್ರಿ, ಸಿಡೀತೈತಿ.

ಸ್ಪ್ಯಾನರ್_12_13

ಹೆವಿ ಅಣ್ಣ ಹೇಳಿದ ಆ "ದುಪ್ಪಟ್ಟು ಕಸುವಿ"ಗೆ ಆಯಿಲ್ ದೊಡ್ಡ ಕಾರಣ. ಡಬ್ಲ್ಯು ಅಕ್ಷರಕ್ಕೆ ಮುಂಚಿನ ಅಂಕಿ ಕಮ್ಮಿ ಆದಷ್ಟೂ ಆಯಿಲ್ ಚಳಿಯಲ್ಲಿ ತೆಳುವಾಗಿರುತ್ತೆ. 15ಡಬ್ಲ್ಯು-40 ಆಯಿಲ್‌ಗೆ ಸೆಲ್ಫ್ ತಿರುಗೋ ಪರೀಕ್ಷೆ ಮಾಡೋದು ಮೈನಸ್ 20ರಲ್ಲಿ, 5ಡಬ್ಲ್ಯು-30ಕ್ಕೆ ಮೈನಸ್ 30ರಲ್ಲಿ. 15ಡಬ್ಲ್ಯು ಹಾಕ್ಕೊಂಡು ಕಾಜಾಕ್ಕೆ ಹೋದರೆ ನೀವು ಅದರ ಅಂಚಿನಲ್ಲೇ ನಿಂತಿರ್ತೀರ. ಮ್ಯಾನ್ಯುಯಲ್ ಒಪ್ಪೋ 5ಡಬ್ಲ್ಯು ಆಯಿಲನ್ನ ಹೊರಡೋ ಮುಂಚೆಯೇ ಹಾಕಿಸಿ.

ಬಂಕ್_ಭಟ್ರು

ಮೂರನೇ ಕೇಸು ನನ್ನ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ಡಿಸೆಂಬರಲ್ಲಿ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ದೀರಲ್ಲ? ಮೊದಲು ಮಂಜು ಕವಿದ ಹಾಗೆ ಬಿಳಿಚುತ್ತೆ, ಆಮೇಲೆ ಹರಳು, ಆಮೇಲೆ ಗಟ್ಟಿ. ಡೀಸೆಲ್‌ನದೂ ಅದೇ ಕತೆ, ಉಷ್ಣಾಂಶ ಮಾತ್ರ ಬೇರೆ. ಅದರಲ್ಲಿರೋ ಮೇಣ ಮೊದಲು ಮೋಡದಂತೆ ಕಾಣಿಸಿಕೊಳ್ಳುತ್ತೆ, ಅದು ಕ್ಲೌಡ್ ಪಾಯಿಂಟ್. ಇನ್ನಷ್ಟು ತಣ್ಣಗಾದಾಗ ಹರಳು ಬೆಳೆದು ಫಿಲ್ಟರಿನ ರಂಧ್ರ ಮುಚ್ಚುತ್ತೆ. ಹಾಗೆ ಫಿಲ್ಟರ್ ಮುಚ್ಚೋ ಉಷ್ಣಾಂಶಕ್ಕೆ ಸಿಎಫ್‌ಪಿಪಿ ಅಂತಾರೆ. ಕೊನೆಗೆ ಹರಿಯೋದೇ ನಿಲ್ಲೋದು ಪೋರ್ ಪಾಯಿಂಟ್. ಗಾಡಿ ನಿಲ್ಲೋದು ಡೀಸೆಲ್ ಪೂರ್ತಿ ಗಟ್ಟಿಯಾದಾಗ ಅಲ್ಲ, ಅದಕ್ಕೂ ಮೊದಲೇ, ಫಿಲ್ಟರಿನಲ್ಲಿ.

ನಮ್ಮ ದೇಶದ ಡೀಸೆಲ್‌ಗೆ ಇರೋ ಐಎಸ್ 1460 ಮಾನದಂಡದಲ್ಲಿ ಸಿಎಫ್‌ಪಿಪಿ ಮಿತಿ ನವೆಂಬರ್‌ನಿಂದ ಫೆಬ್ರವರಿವರೆಗೆ 6 ಡಿಗ್ರಿ, ಉಳಿದ ತಿಂಗಳಲ್ಲಿ 18 ಡಿಗ್ರಿ. ಮೈನಸ್ ಅಲ್ಲ, ಪ್ಲಸ್. ಬಂಕಿಗೆ ಬರೋ ಡೀಸೆಲ್ ಇದಕ್ಕಿಂತ ಚೆನ್ನಾಗಿರಬಹುದು, ಆದರೆ ಗ್ಯಾರಂಟಿ ಇರೋದು ಅಷ್ಟಕ್ಕೆ ಮಾತ್ರ. ಬಯಲುಸೀಮೆಯಲ್ಲಿ ತುಂಬಿಸಿದ ಫುಲ್ ಟ್ಯಾಂಕ್ ಹೊತ್ತು ಮೈನಸ್ 20ಕ್ಕೆ ಹೋಗೋದು ಜೂಜು.

ಇದಕ್ಕೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ವಿಂಟರ್ ಗ್ರೇಡ್ ಡೀಸೆಲ್ ತಂದದ್ದು. ಪಾಣಿಪತ್ ರಿಫೈನರಿಯದ್ದು, ಪೋರ್ ಪಾಯಿಂಟ್ ಮೈನಸ್ 33 ಡಿಗ್ರಿ. ಕಾಜಾ ಬಂಕಿನಲ್ಲಿ ನೀವು ಹೋದ ದಿನ ಯಾವ ಡೀಸೆಲ್ ಇದೆ ಅಂತ ಅಲ್ಲೇ ಕೇಳಿ.

ಲೆಕ್ಕ ಹೀಗಿಟ್ಟುಕೊಳ್ಳಿ. ರಾಮಪುರ ದಾಟೋ ಹೊತ್ತಿಗೆ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಿರಲಿ, ಪಿಯೊ ಸುತ್ತಮುತ್ತ ತುಂಬಿಸಿ. ಮೇಣ ಕಟ್ಟದಂತೆ ತಡೆಯೋ ಆ್ಯಂಟಿಜೆಲ್ ಅಡಿಟಿವ್‌ನ ಬಾಟಲಿ ಮೇಲಿನ ಅಳತೆಯಷ್ಟು ಮೊದಲು ಟ್ಯಾಂಕಿಗೆ ಸುರಿದು, ಅದರ ಮೇಲೆ ಡೀಸೆಲ್ ಹಾಕಿಸಿ, ಆಗ ತಾನಾಗಿ ಬೆರೆಯುತ್ತೆ. ಇದನ್ನ ಡೀಸೆಲ್ ತಿಳಿಯಾಗಿರೋವಾಗಲೇ ಮಾಡಬೇಕು. ಅಡಿಟಿವ್ ಹುಟ್ಟೋ ಹರಳನ್ನ ಸಣ್ಣದಾಗಿ ಉಳಿಸುತ್ತೆ, ಆಗಲೇ ಕಟ್ಟಿದ ಮೇಣವನ್ನ ಕರಗಿಸಲ್ಲ. ಬೆಳಗ್ಗೆ ಗಾಡಿ ನಿಂತ ಮೇಲೆ ಸುರಿದರೆ ದುಡ್ಡು ದಂಡ.

ಇನ್ನು ನೀರು. ಫಿಲ್ಟರ್ ಬಟ್ಟಲಿನ ತಳದಲ್ಲಿ ಕೂತ ನೀರು ಸೊನ್ನೆಗೇ ಮಂಜುಗಡ್ಡೆ. ಹೊರಡೋ ಮುಂಚೆ ಹೊಸ ಫಿಲ್ಟರ್ ಹಾಕಿಸಿ, ಇನ್ನೊಂದು ಡಿಕ್ಕಿಯಲ್ಲಿರಲಿ. ರಾತ್ರಿ ಟ್ಯಾಂಕ್ ತುಂಬಿರಲಿ, ಖಾಲಿ ಜಾಗ ಇದ್ದಷ್ಟೂ ಒಳಗೋಡೆಯಲ್ಲಿ ತೇವ ಇಳಿಯುತ್ತೆ.

ಲಾರಿ_ಲೈನ್

ಅಡಿಟಿವ್ ಯಾಕೆ ಭಟ್ರೆ, ಸೀಮೆಎಣ್ಣೆ ಬೆರೆಸಿದರೆ ಮುಗೀತು. ಗುಡ್ಡಗಾಡಿನ ಲಾರಿಯವರೆಲ್ಲ ಅದನ್ನೇ ಮಾಡೋದು. ಹತ್ತು ಲೀಟರಿಗೆ ಎರಡು.

ಬಂಕ್_ಭಟ್ರು

ಹಳೇ ಮೆಕ್ಯಾನಿಕಲ್ ಪಂಪಿನ ಕಾಲಕ್ಕೆ ನಡೀತಿತ್ತು, ಕೆಲವು ಹಳೇ ಮ್ಯಾನ್ಯುಯಲ್‌ಗಳೇ ಒಪ್ಪುತ್ತಿದ್ದವು. ಕಾಮನ್ ರೈಲ್ ಹೈ ಪ್ರೆಶರ್ ಪಂಪಿಗೆ ಬೇರೆ ಎಣ್ಣೆ ಇಲ್ಲ, ಅದರ ಒಳಗನ್ನ ನುಣುಪಾಗಿ ಇಡೋದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಪಂಪ್ ಸವೆದು ಲೋಹದ ಪುಡಿ ರೈಲಿಗೂ ಇಂಜೆಕ್ಟರಿಗೂ ಹೋಯ್ತು ಅಂದರೆ ಅಡಿಟಿವ್ ಬಾಟಲಿಯ ಬೆಲೆ ನೆನಪಾಗುತ್ತೆ. ಟ್ಯಾಂಕ್ ಕೆಳಗೆ ಬೆಂಕಿ ಹಾಕೋದನ್ನೂ ಲಾರಿಯವರು ಮಾಡ್ತಾರೆ. ಈಗಿನ ಕಾರಿನ ಟ್ಯಾಂಕ್ ಪ್ಲಾಸ್ಟಿಕ್ಕು ಮಾರಾಯ್ರೆ.

ಮ್ಯೂನಿಕ್_ಗಾಡಿ

ಜರ್ಮನಿಯಲ್ಲಿ ಈ ತಲೆನೋವನ್ನ ಬಂಕಿನವರೇ ಹೊತ್ತಿದ್ದಾರೆ. ಇಲ್ಲಿ ನವೆಂಬರ್ 16ರಿಂದ ಫೆಬ್ರವರಿ ಕೊನೆವರೆಗೆ ಬಂಕಿನ ಡೀಸೆಲ್ ಮೈನಸ್ 20ರವರೆಗೆ ಫಿಲ್ಟರ್ ದಾಟಲೇಬೇಕು. ಬೇಸಿಗೆಯಲ್ಲಿ ಮಿತಿ ಸೊನ್ನೆ. ಹಾಗಾಗಿ ಇಲ್ಲಿಯ ಎಡವಟ್ಟೇ ಬೇರೆ: ಸೆಪ್ಟೆಂಬರಲ್ಲಿ ತುಂಬಿಸಿ ನಿಲ್ಲಿಸಿದ ಗಾಡಿ ಜನವರಿಯಲ್ಲಿ ಏಳಲ್ಲ.

ಬಿಎಸ್6, ಯೂರೋ 6 ಗಾಡಿಯವರಿಗೆ: ಆಡ್‌ಬ್ಲೂ, ಅಂದರೆ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಲ್ಲಿ ಹಾಕೋ ಯೂರಿಯಾ ದ್ರಾವಣ, ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತೆ. ಅದರ ಟ್ಯಾಂಕಿಗೆ ಅದರದ್ದೇ ಹೀಟರ್ ಇದೆ, ಸ್ಟಾರ್ಟ್ ಆಗೋಕೂ ಅದಕ್ಕೂ ಸಂಬಂಧ ಇಲ್ಲ. ಬಿಸಿನೀರು ಸುರಿಯೋದು, ಕಡ್ಡಿ ಹಾಕಿ ಕೆದಕೋದು ಬೇಡ.

ಕೆಎ51_ದೂರದಾರಿ

ತುಂಬಾ ಉಪಕಾರ ಆಯ್ತು. ಕಾಜಾದಲ್ಲಿ ಬೆಳಗ್ಗೆ ಏಳಕ್ಕೆ ಗಾಡಿ ಹತ್ತಿರ ನಿಂತಿದ್ದೀನಿ ಅಂದ್ಕೊಳ್ಳಿ. ಕ್ರಮವಾಗಿ ಏನು ಮಾಡಲಿ? ಆ್ಯಕ್ಸಿಲರೇಟರ್ ಒತ್ತಬೇಕಾ?

ಸ್ಪ್ಯಾನರ್_12_13

ಕೆಲಸ ಶುರುವಾಗೋದು ಹಿಂದಿನ ರಾತ್ರಿಯೇ. ಮೂತಿಯನ್ನ ಗಾಳಿಗೆ ಕೊಡದೆ ಗೋಡೆಗೆ ತಾಗಿಸಿ, ಬೆಳಗಿನ ಬಿಸಿಲು ಬಾನೆಟ್ ಮೇಲೆ ಬೀಳೋ ಕಡೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೀಬೇಡಿ, ಒದ್ದೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ಹೆಪ್ಪುಗಟ್ಟುತ್ತೆ. ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿ ಬಿಚ್ಚಿ ರೂಮಿಗೆ ಒಯ್ಯೋಕೆ ಸಾಧ್ಯವಾದರೆ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ. 10ರ ಸ್ಪ್ಯಾನರ್ ಒಂದು ಸಾಕು, ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಸ್ಟೀರಿಯೋ ಕೋಡ್ ಮಾತ್ರ ಬರೆದಿಟ್ಟುಕೊಂಡಿರಿ. ಬಾನೆಟ್ ಮೇಲೆ ಕಂಬಳಿ ಹೊದಿಸಿದರೆ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತೆ. ಒಳಗೆ ತುರುಕಿದ್ದರೆ ಬೆಳಗ್ಗೆ ತೆಗೆಯೋದು ಮರೀಬೇಡಿ, ಬೆಲ್ಟಿಗೆ ಸುತ್ತಿಕೊಂಡೀತು.

ಬೆಳಗ್ಗೆ ಬ್ಲೋವರ್, ಲೈಟ್, ಮ್ಯೂಸಿಕ್, ಹಿಂದಿನ ಗಾಜಿನ ಹೀಟರ್ ಎಲ್ಲ ಆಫ್. ಗೇರ್ ನ್ಯೂಟ್ರಲ್. ಕೀಯನ್ನ ಆನ್‌ವರೆಗೆ ಮಾತ್ರ ತಿರುಗಿಸಿ. ಸ್ಪ್ರಿಂಗ್ ದೀಪ ಆರಿದ ಮೇಲೂ ಎರಡು ಮೂರು ಸೆಕೆಂಡ್ ಕಾಯಿರಿ, ಪ್ಲಗ್ ಇನ್ನೂ ಬಿಸಿಯಾಗ್ತಿರುತ್ತೆ. ಕೀ ಆಫ್ ಮಾಡಿ ಮತ್ತೆ ಆನ್, ಇನ್ನೊಂದು ಸುತ್ತು ಕಾಯಿಸಿ. ಮೈನಸ್ 15ರ ಕೆಳಗೆ ಎರಡು ಸುತ್ತು ಒಳ್ಳೇದು, ಐದಾರು ಸುತ್ತು ಮಾಡಿ ಬ್ಯಾಟರಿ ಇಳಿಸಬೇಡಿ. ಈಗ ಕ್ಲಚ್ ಪೂರ್ತಿ ಒತ್ತಿ, ಗೇರ್‌ಬಾಕ್ಸಿನ ಗಟ್ಟಿ ಎಣ್ಣೆಯನ್ನ ಸೆಲ್ಫ್ ತಿರುಗಿಸೋದು ತಪ್ಪುತ್ತೆ. ಸೆಲ್ಫ್ ಹೊಡೀರಿ. ಆ್ಯಕ್ಸಿಲರೇಟರ್‌ಗೆ ಕಾಲಿಡಬೇಡಿ, ಎಷ್ಟು ಡೀಸೆಲ್ ಬೇಕು ಅಂತ ಎಂಜಿನ್ ಕಂಪ್ಯೂಟರ್ (ಇಸಿಯು) ತೀರ್ಮಾನಿಸುತ್ತೆ. ಅರ್ಧ ಒತ್ತಿ ಹಿಡಿಯೋದು ಮಲ್ನಾಡ್ ಅವರ ಮೆಕ್ಯಾನಿಕಲ್ ಪಂಪಿಗೆ ಮಾತ್ರ.

ಒಂದು ಸಲಕ್ಕೆ ಹತ್ತು ಸೆಕೆಂಡ್, ಅದಕ್ಕಿಂತ ಹೆಚ್ಚಿಲ್ಲ. ಹಿಡಿಯೋ ಸೂಚನೆ ಇದೆ, ಒಂದೆರಡು ಸಿಲಿಂಡರ್ ಕೆಮ್ಮುತ್ತಿದೆ ಅಂದರೆ ಮಾತ್ರ ಬಿಡದೆ ಹಿಡಿದುಕೊಳ್ಳಿ. ಹಿಡೀಲಿಲ್ಲವಾ, ಒಂದು ನಿಮಿಷ ಬಿಟ್ಟು ಮತ್ತೆ ಕಾಯಿಸೋದರಿಂದ ಶುರು.

ಬಟನ್ ಗಾಡಿಯವರು: ಕ್ಲಚ್ ಒತ್ತದೆ ಬಟನ್ ಎರಡು ಸಲ ಒತ್ತಿದರೆ ಹೆಚ್ಚಿನ ಗಾಡಿಗಳಲ್ಲಿ ಇಗ್ನಿಷನ್ ಮಾತ್ರ ಆನ್ ಆಗುತ್ತೆ. ದೀಪ ಆರಲಿ, ಆಮೇಲೆ ಕ್ಲಚ್ ಮತ್ತು ಬಟನ್.

ಹಿಡಿದ ಮೇಲೆ ಒಂದು ನಿಮಿಷ ಸುಮ್ಮನಿರಿ, ಟರ್ಬೋ ಬೇರಿಂಗಿಗೆ ಆಯಿಲ್ ತಲುಪಲಿ. ಶುರುವಿನ ಬಡಿತ, ಬಿಳಿ ಹೊಗೆ ಎರಡು ಮೂರು ನಿಮಿಷದಲ್ಲಿ ಹೋಗುತ್ತೆ. ಅರ್ಧ ಗಂಟೆ ನಿಲ್ಲಿಸಿ ಬಿಸಿ ಮಾಡೋದು ವ್ಯರ್ಥ, ಡೀಸೆಲ್ ಎಂಜಿನ್ ಐಡಲಿಂಗ್‌ನಲ್ಲಿ ಬಿಸಿಯೇ ಆಗಲ್ಲ. 2,000 ಆರ್‌ಪಿಎಂ ದಾಟದೆ ಮೆಲ್ಲಗೆ ಹೊರಡಿ.

ಸ್ಟಾರ್ಟಿಂಗ್ ಸ್ಪ್ರೇ ಅಂತ ಈಥರ್ ಡಬ್ಬಿ ಯಾರಾದರೂ ಕೊಟ್ಟರೆ ಕೈಮುಗಿದು ವಾಪಸ್ ಕೊಡಿ. ಕೆಂಪಗೆ ಕಾದ ಪ್ಲಗ್‌ಗೆ ಈಥರ್ ತಾಗಿದರೆ ಪಿಸ್ಟನ್ ಮೇಲೆ ಬರೋ ಮುಂಚೆಯೇ ಸಿಡಿಯುತ್ತೆ, ರಿಂಗ್ ಕೂರೋ ಜಾಗ ಒಡೆಯುತ್ತೆ. ತಳ್ಳಿ ಸ್ಟಾರ್ಟ್ ಮಾಡೋದೂ ಬೇಡ. ಮಂಜುಗಡ್ಡೆ ಮೇಲೆ ಚಕ್ರ ಜಾರುತ್ತೆ, ಹಿಡಿತ ಸಿಕ್ಕರೆ ಆ ಎಳೆತ ಟೈಮಿಂಗ್ ಚೈನ್, ಬೆಲ್ಟ್ ಮೇಲೆ ಬೀಳುತ್ತೆ.

ಲಾರಿ_ಲೈನ್

ಸರಿ, ಮೇಣ ಕಟ್ಟೇಬಿಟ್ಟಿತು ಅಂದ್ಕೊಳ್ಳಿ. ಆಗ?

ಬಂಕ್_ಭಟ್ರು

ಆಗ ಸೆಲ್ಫ್ ಹೊಡೆಯೋದು ನಿಲ್ಲಿಸಿ. ಫಿಲ್ಟರ್ ಮೇಲೆ ಬಟ್ಟೆ ಸುತ್ತಿ ಕೈ ತಾಳೋಷ್ಟು ಬಿಸಿಯ ನೀರನ್ನ ಮೆಲ್ಲಗೆ ಹಾಕುತ್ತಾ ಬನ್ನಿ, ಎಲೆಕ್ಟ್ರಿಕಲ್ ಕನೆಕ್ಟರ್ ಕಡೆ ಬೀಳದ ಹಾಗೆ. ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಬಟ್ಟಲು ಬಿರಿಯುತ್ತೆ. ಅದಕ್ಕೂ ಜಗ್ಗದಿದ್ದರೆ ಡಿಕ್ಕಿಯ ಹೊಸ ಫಿಲ್ಟರನ್ನ ರೂಮಲ್ಲಿ ಬೆಚ್ಚಗೆ ಇಟ್ಟು ತಂದು ಹಾಕಿ. ಏರ್ ತೆಗೆಯೋಕೆ ಕೈಪಂಪ್ ಇದ್ದರೆ ಗಟ್ಟಿಯಾಗೋವರೆಗೆ ಒತ್ತಿ. ಟ್ಯಾಂಕಲ್ಲಿ ಎಲೆಕ್ಟ್ರಿಕ್ ಪಂಪ್ ಇರೋ ಗಾಡಿಯಲ್ಲಿ ಕೀ ಆನ್ ಮಾಡಿ ಐದಾರು ಸೆಕೆಂಡ್ ಬಿಟ್ಟು ಆಫ್ ಮಾಡಿ, ನಾಲ್ಕು ಸಲ. ಇಂಜೆಕ್ಟರ್ ಪೈಪ್ ಸಡಿಲಿಸಿ ಏರ್ ಬಿಡೋ ಹಳೇ ಚಾಳಿ ಕಾಮನ್ ರೈಲಿನಲ್ಲಿ ಬೇಡವೇ ಬೇಡ, ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತೆ, ಚರ್ಮ ತೂರಿಕೊಂಡು ಹೋಗುತ್ತೆ.

ಟ್ಯಾಂಕಲ್ಲೇ ಕಟ್ಟಿದ್ದರೆ ಬಿಸಿಲೇ ಗತಿ. ಹನ್ನೊಂದು ಗಂಟೆವರೆಗೆ ಚಹಾ ಕುಡೀರಿ.

ಹುಬ್ಬಳ್ಳಿ_ಹೆವಿ

ಎಲ್ಲಾ ಹೇಳಿದ್ರಿ, ಕೂಲಂಟ್ ಬಿಟ್ರಲ್ರಿ. ನಮ್ಮ ಕಡೆ ರೇಡಿಯೇಟರಿಗೆ ನಳದ ನೀರು ಸುರದ ಸುರದ ಕೂಲಂಟ್ ಹೆಸರಿಗಷ್ಟ ಉಳದಿರತೈತಿ. ಅರ್ಧಾ ಕೂಲಂಟ್ ಅರ್ಧಾ ಡಿಸ್ಟಿಲ್ಡ್ ನೀರು ಇದ್ರ ಮೈನಸ್ 35ರ ತನಕ ಚಿಂತಿಲ್ಲ. ಬರೇ ನೀರಿದ್ರ ರಾತ್ರಿಗೇ ಬರ್ಫ ಆಗಿ ಬ್ಲಾಕ್ ಸೀಳತೈತಿ. ಕೂಲಂಟ್ ಎಷ್ಟು ಚಳಿ ತಡೀತೈತಿ ಅಂತ ತೋರಸೋ ರಿಫ್ರ್ಯಾಕ್ಟೋಮೀಟರ್ ಮ್ಯಾಲ ಒಂದ್ ಹನಿ ಇಟ್ಟು ನೋಡಸ್ರಿ. ವೈಪರ್ ನೀರೂ ಬದಲಿ ಮಾಡ್ರಿ.

ಕೆಎ51_ದೂರದಾರಿ

ಇವತ್ತು ಅಳೆಸಿದ್ದು ಇಷ್ಟು. ಬ್ಯಾಟರಿ ರಾತ್ರಿ ನಿಂತ ಮೇಲೆ 12.4, ಸೆಲ್ಫ್ ಹೊಡೆದಾಗ 9.3. ಅರ್ಥ್ ಕಡೆ 0.15. ಪ್ಲಗ್ 0.7, 0.7, ಓಪನ್, 0.8. ಕೂಲಂಟ್ ಮೈನಸ್ 9. ಆಯಿಲ್ 15ಡಬ್ಲ್ಯು-40.

ಸ್ಪ್ಯಾನರ್_12_13

ಅರ್ಥ್ ಬಿಟ್ಟು ಇನ್ನೆಲ್ಲಾ ಬದಲಿ. ಪ್ಲಗ್‌ನಿಂದ ಶುರು ಮಾಡಿ, ಬಿಸಿ ಎಂಜಿನ್‌ನಲ್ಲಿ. ಕೂಲಂಟ್ ಬರೀ ಟಾಪ್‌ಅಪ್ ಮಾಡಿಸಬೇಡಿ, ಪೂರ್ತಿ ಇಳಿಸಿ, ತೊಳೆದು ತುಂಬಿಸಿ, ಹೀಟರ್ ಆನ್ ಇಟ್ಟು ಏರ್ ತೆಗೆಸಿ. ಹೊಸ ಬ್ಯಾಟರಿ ತಗೊಳ್ಳೋವಾಗ ಆ್ಯಂಪಿಯರ್ ಅವರ್ ಒಂದೇ ನೋಡಬೇಡಿ. ಅದೇ ಟ್ರೇಗೆ ಕೂರೋದರಲ್ಲಿ ಸಿಸಿಎ ಅಂಕಿ ಹೆಚ್ಚಿರೋದನ್ನ ಕೇಳಿ, ಅದೇ ಅದರ ಚಳಿಯ ಕಸುವು. ತಯಾರಾದ ತಿಂಗಳ ಮುದ್ರೆಯನ್ನೂ ನೋಡಿ ತಗೊಳ್ಳಿ.